ಬದು ಹಿಡಿದು ಬಂದ ಸೈನ್ಯ

ಅಪ್ಪ ಮತ್ತು ಅವನ ತಮ್ಮನಾದ ಕಾಕಾ ಮಾತು ಬಿಟ್ಟ ವರ್ಷವೇ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ನೆಪೋಲಿಯನ್ ಕಾಲದ ಒಂದು ಯುದ್ಧ ಮಾಡಿದರು. ಅಪ್ಪ ಅಣ್ಣಿಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮಾಡಿದ, ಕಾಕಾ ಶಲವಡಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಮಾಡಿದ. ಯುದ್ಧ ನಡೆದದ್ದು ಕಂಪ್ಯೂಟರಿನಲ್ಲಿ. ಹಚ್ಚಿಕೊಟ್ಟವಳು ನಾನು. ಆ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟು ಜಂಬವಿದೆ.

ಆಟದ ಹುಚ್ಚು ಮೊದಲು ಹತ್ತಿದ್ದು ನನಗೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಶಾಲೆ ತವರುಮನೆಗೆ ಹತ್ತಿರವೆಂದು ಅಪ್ಪ-ಅವ್ವನ ಜೊತೆಗೇ ಇದ್ದೇನೆ. ಯುರೋಪಿನ ಇತಿಹಾಸದ ಪಾಠ ಬಂದಾಗಲೆಲ್ಲ ಆ ಫ್ರಾನ್ಸಿನ ಚಕ್ರವರ್ತಿ ಊರೂರು ಗೆದ್ದ ಕಥೆ ಪುಟಗಟ್ಟಲೆ ನಡೆದು, ಕೊನೆಗೆ ವಾಟರ್ಲೂ ಕದನದಲ್ಲಿ ಸೋತ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಒಂದು ಸಾಲಿನಲ್ಲಿ ಹೇಗೆ ಸೋಲುತ್ತಾನೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಹುಡುಗರು ಕೇಳುತ್ತಿರಲಿಲ್ಲ, ಅವರಿಗೆ ಅಂಕ ಸಿಕ್ಕರೆ ಸಾಕು. ನಾನು ಮಾತ್ರ ಆ ಸೋಲಿನ ಬೆನ್ನು ಹತ್ತಿ ನೆಟ್ಟಿನಲ್ಲಿ ಹುಡುಕುತ್ತ ಹೋಗಿ ಈ ಆಟಕ್ಕೆ ಬಂದು ಮುಟ್ಟಿದೆ.

ಯುದ್ಧದ ಆಟ ಎಂದಕೂಡಲೇ ಢಂ ಢಂ ಎಂದು ಗುಂಡು ಹಾರಿಸುವ ಆಟ ಎಂದುಕೊಳ್ಳಬೇಡಿ. ಇದು ಸಾವಕಾಶದ ಆಟ. ಪರದೆಯ ಮೇಲೆ ಒಂದು ನಕಾಶೆ. ಆಕಾಶದಿಂದ ನೋಡಿದ ಹಾಗೆ ದಿಬ್ಬ, ಹಳ್ಳ, ಊರು, ಹೊಲ, ಹಾದಿ ಎಲ್ಲ ಕಾಣುತ್ತವೆ. ನಕಾಶೆಯ ತುಂಬ ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳು. ಕಾಲಾಳು, ಕುದುರೆ, ತೋಪು, ಇವನ್ನು ಮನೆಯಿಂದ ಮನೆಗೆ ನಡೆಸಬೇಕು. ನಾವು ಆಡಿದ ಮೇಲೆ ವೈರಿಯ ಪಾಳಿ, ಆಮೇಲೆ ಮತ್ತೆ ನಮ್ಮ ಪಾಳಿ. ಚೌಕಾಬಾರಾ ಆಡಿದವರಿಗೆ ಇದರ ನಡಿಗೆ ಹೊಸದಲ್ಲ, ಕವಡೆಯ ಬದಲು ಇಲ್ಲಿ ಬುದ್ಧಿ ಉರುಳಿಸಬೇಕು ಅಷ್ಟೇ. ನನ್ನ ಅವ್ವ ಒಂದು ಸಂಜೆ ಬೆಳ್ಳುಳ್ಳಿ ಸುಲಿಯುತ್ತ ಬಾಜೂಕೆ ಕೂತು ನೋಡಿದಳು.

"ಇದೆಂಥಾ ಲಡಾಯಿನ? ಒಂದ ಗುಂಡ ಹಾರಿದ್ದ ಕೇಳಸಂಗಿಲ್ಲ. ಅಂತೂ ಕುಂತ ಕುಂತ ಮಂದೀನ ಸಾಯಸಾಕತ್ತಿ," ಎಂದಳು.

ಅಪ್ಪ ನಿವೃತ್ತನಾದ ದೈಹಿಕ ಶಿಕ್ಷಕ, ಅಂದರೆ ಪೀಟಿ ಮಾಸ್ತರ. ಸರ್ವಿಸು ಪೂರ್ತಿ ಬಿಸಿಲಲ್ಲಿ ನಿಂತು ಸೀಟಿ ಊದಿದವನು. ಈಗಲೂ ಮನೆಗೆ ಬಂದವರ ಚಪ್ಪಲಿ ಸಾಲಾಗಿರದಿದ್ದರೆ ಅವನಿಗೆ ಚಹಾ ಇಳಿಯುವುದಿಲ್ಲ. ಮೊದಲು ದೂರದಿಂದಲೇ ನನ್ನ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ಕುರ್ಚಿ ಹತ್ತಿರ ಬಂತು. ಆಮೇಲೆ ನನ್ನ ಬೆನ್ನ ಹಿಂದಿನಿಂದ ಆಜ್ಞೆಗಳು ಶುರುವಾದವು.

"ಆ ಲೈನ ಸೊಟ್ಟ ಐತಿ. ಸೀದಾ ಮಾಡ ಅದನ್ನ."

"ಅಪ್ಪಾ, ಇದು ಪಂದ್ರಾ ಆಗಸ್ಟ ಪರೇಡ ಅಲ್ಲ."

"ಲಡಾಯಿ ಇರ್ಲಿ, ಪರೇಡ ಇರ್ಲಿ, ಲೈನ ಅಂದ್ರ ಲೈನ. ಸರಿ ಬಾಜೂಕ."

ಹೀಗೆ ನನ್ನ ಆಟ ನನ್ನ ಕೈಬಿಟ್ಟು ಹೋಯಿತು. ಅಪ್ಪನ ಸೈನ್ಯ ನೋಡಲು ಬಲು ಚೆಂದ ಇರುತ್ತಿತ್ತು, ಗೆಲ್ಲುತ್ತ ಮಾತ್ರ ಇರಲಿಲ್ಲ. ಅದಕ್ಕೆ ಕಾರಣ ಲೈನು ಅಲ್ಲ, ಪೀಕು, ಅಂದರೆ ಬೆಳೆ. ನಕಾಶೆಯ ಮೇಲೆ ಅಲ್ಲಲ್ಲಿ ಹಳದಿ ಬಣ್ಣದ ಹೊಲಗಳಿರುತ್ತವೆ, ಗೋಧಿಯಂಥ ಪೈರು ಹಣ್ಣಾಗಿ ನಿಂತದ್ದು. ಆಟದ ನಿಯಮದಲ್ಲಿ ಅದಕ್ಕೆ ಎಳ್ಳಷ್ಟೂ ಬೆಲೆ ಇಲ್ಲ. ಮಳೆಯ ರಾಡಿ ಸೈನ್ಯವನ್ನು ನಿಧಾನ ಮಾಡುತ್ತದೆ, ಹಳ್ಳ ತಡೆಯುತ್ತದೆ, ಪೈರು ಏನೂ ಮಾಡುವುದಿಲ್ಲ. ಸೈನ್ಯ ತುಳಿದುಕೊಂಡು ಹೋದರೆ ಆ ಮನೆ ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಬರೀ ಚೆಂದಕ್ಕೆ ಮಾಡಿದ್ದು. ಆದರೆ ಅಪ್ಪ ತನ್ನ ಕುದುರೆಗಳನ್ನು ಆ ಹಳದಿ ಮನೆಗಳ ಸುತ್ತ ಬಳಸಿ ಬಳಸಿ ಒಯ್ಯುತ್ತಿದ್ದ. ಅಷ್ಟರಲ್ಲಿ ಫ್ರೆಂಚರು ನಡುವೆಯೇ ಹಾಯ್ದು ಬಂದು ಅವನ ಕಥೆ ಮುಗಿಸುತ್ತಿದ್ದರು.

"ಅಪ್ಪಾ, ಅದು ಬಣ್ಣ. ತುಳಕೊಂಡ ಹೋಗು," ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

"ಬೆಳದ ನಿಂತ ಪೀಕಿನ್ಯಾಗ ಕುದ್ರಿ ಬಿಡ್ತಾರೇನ? ನಿಮ್ಮಜ್ಜ ಇದ್ದಿದ್ರ ಬಾರಕೋಲ ತಗೋತಿದ್ದ."

ಅಜ್ಜ ತಗೊಳ್ಳುತ್ತಿದ್ದ ಎನ್ನುವುದು ನಿಜ. ಇನ್ನೊಬ್ಬರ ಹೊಲದ ಬದುವಿನ ಮೇಲೆ ಹಾಯುವುದಿದ್ದರೆ ಅಜ್ಜ ಬಂಡಿಯಿಂದ ಇಳಿದು, ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟಿ, ಮೂಗುದಾರ ಹಿಡಿದು ನಡೆಸುತ್ತಿದ್ದನಂತೆ. ಕುಕ್ಕೆ ಎಂದರೆ ಹಗ್ಗದ ಬಲೆ. ಹೋಗುತ್ತ ಹೋಗುತ್ತ ಎತ್ತು ಪರರ ಪೈರಿಗೆ ಬಾಯಿ ಹಾಕದಿರಲಿ ಎಂದು ಕಟ್ಟುವುದು. ಅಪ್ಪ ಮತ್ತು ಕಾಕಾ ಸಣ್ಣವರಿದ್ದಾಗ ಒಮ್ಮೆ ಕುಕ್ಕೆ ಇಲ್ಲದೆ ಬಂಡಿ ಹೊಡೆದು ಇಬ್ಬರೂ ಒಟ್ಟಿಗೆ ಪೆಟ್ಟು ತಿಂದಿದ್ದರು. ಮೊದಲೆಲ್ಲ ಆ ಕಥೆಯನ್ನು ಇಬ್ಬರೂ ಸೇರಿ ಹೇಳುತ್ತಿದ್ದರು. ಒಬ್ಬ ಅರ್ಧ ಹೇಳಿದರೆ ಇನ್ನೊಬ್ಬ ಉಳಿದರ್ಧ ಹೇಳುತ್ತಿದ್ದ.

ಆದರೆ ಸೋಲು ಯಾರಿಗೂ ಸಿಹಿಯಲ್ಲ. ಒಂದು ಸಂಜೆ ಅಪ್ಪ ಬಹಳ ಹೊತ್ತು ಪರದೆ ನೋಡುತ್ತ ಕೂತ. ಆಮೇಲೆ ಗಂಟಲು ಸರಿಮಾಡಿಕೊಂಡು, "ಆಟ ಐತಿ ಬಿಡ," ಎಂದು ಕುದುರೆಗಳನ್ನು ಸೀದಾ ಪೈರಿನೊಳಗೆ ನುಗ್ಗಿಸಿದ. ಮನೆಗಳು ಒಂದೊಂದಾಗಿ ಕಂದಾದವು. ಅವತ್ತು ಮೊದಲ ಸಲ ಗೆದ್ದ. ನಾನು ಚಪ್ಪಾಳೆ ಹೊಡೆದೆ, ಅವ್ವ ಮಂಡಕ್ಕಿ ಒಗ್ಗರಣೆ ಮಾಡಿದಳು, ಅಲ್ಲಿಂದ ಮುಂದೆ ಅಪ್ಪನಿಗೆ ಪೈರಿನ ಯೋಚನೆ ಬಿಟ್ಟೇ ಹೋಯಿತು.

ಇನ್ನು ಮಾತು ಬಿಟ್ಟ ಸಂಗತಿಗೆ ಬರುತ್ತೇನೆ. ಶಲವಡಿಯ ಎರೆಹೊಲದಲ್ಲಿ ಅಣ್ಣತಮ್ಮಂದಿರಿಗೆ ಒಂದೊಂದು ಪಾಲು. ಅಪ್ಪನದು ರಸ್ತೆಗೆ ಹತ್ತಿದ್ದು, ಕಾಕಾನದು ಅದರ ಹಿಂದಿನದು. ಕಾಕಾನ ಹೊಲಕ್ಕೆ ಹೋಗಲು ಅಪ್ಪನ ಹೊಲವನ್ನು ಸುತ್ತಿಕೊಂಡು ಹೋಗುವ ಬದುವಿನ ದಾರಿ ಇದೆ. ಆ ಸುಗ್ಗಿಯಲ್ಲಿ ಕಾಕಾನ ಕಡಲೆ ಕಟಾವಿಗೆ ಬಂದಿತ್ತು, ಅಪ್ಪನದು ತಡವಾಗಿ ಬಿತ್ತಿದ್ದರಿಂದ ಇನ್ನೂ ನಿಂತಿತ್ತು. ಕಾಕಾ ಕೊಯ್ಲಿನ ಯಂತ್ರ ಕರೆಸಿದ. ಅದನ್ನು ನಡೆಸುತ್ತಿದ್ದವನು ಎಲ್ಲಿಯವನೋ, ಊರಿಗೆ ಹೊಸಬ. ಸುತ್ತು ದಾರಿ ಬಿಟ್ಟು ಅಪ್ಪನ ಕಡಲೆಯ ನಟ್ಟನಡುವೆ ಹಾಯಿಸಿಕೊಂಡು ಹೋದ. ಮರುದಿನ ಬಸ್ಸಿಳಿದು ಹೊಲಕ್ಕೆ ಹೋದ ಅಪ್ಪ ಗಾಲಿಯ ಗುರುತು ಕಂಡ.

ಹಾಳಾದದ್ದು ಹೆಚ್ಚೇನಲ್ಲ. ಅಪ್ಪನಿಗೆ ಉರಿದದ್ದು ಬೇರೆ. ತಮ್ಮ ನಿಂತು ತುಳಿಸಿದ ಎಂದೇ ಅವನು ತಿಳಿದುಕೊಂಡ. ಸೀದಾ ಊರೊಳಗಿನ ಚಹಾದಂಗಡಿಗೆ ಹೋಗಿ ಮಂದಿಯ ನಡುವೆ ಕಾಕಾನನ್ನು ಹಿಡಿದ. ಕಾಕಾ, ತಾನು ಆಗ ಹೊಲದಲ್ಲೇ ಇರಲಿಲ್ಲ, ಆಳುಗಳಿಗೆ ಚಹಾ ತರಲು ಊರಿಗೆ ಬಂದಿದ್ದೆ ಎಂದ. ಅಪ್ಪ ಸೀಟಿ ಊದಿದಂಥ ದನಿಯಲ್ಲಿ, "ಸುಳ್ಳ ಹೇಳಬ್ಯಾಡ," ಎಂದ. ಕಾಕಾ ಕಪ್ಪು ಕೆಳಗಿಟ್ಟು ಎದ್ದು ಹೋದ. ಅಷ್ಟೇ ನಡೆದದ್ದು. ಮುಂದೆ ಹೋಳಿ ಬಂತು, ಯುಗಾದಿ ಬಂತು, ಬೇವು-ಬೆಲ್ಲ ಆ ಮನೆಯಿಂದ ಈ ಮನೆಗೆ ಬರಲಿಲ್ಲ, ಈ ಮನೆಯಿಂದ ಆ ಮನೆಗೆ ಹೋಗಲಿಲ್ಲ.

ನನಗೆ ಇಬ್ಬರ ಮೇಲೂ ಸಿಟ್ಟಿತ್ತು, ಇಬ್ಬರ ಮೇಲೂ ಜೀವವಿತ್ತು. ಕಾಕಾ ಅಂದರೆ ನನಗೆ ಸೈಕಲ್ಲು ಕಲಿಸಿದವನು, ನಾನು ಬಿದ್ದಾಗ ನನಗಿಂತ ಜೋರಾಗಿ ಕೂಗಿಕೊಂಡವನು. ಅಪ್ಪ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಭಾನುವಾರ ಹೊಲಕ್ಕೆ ಹೋಗಿ ಬಂದವನು ರೊಟ್ಟಿ ಮುರಿದು ಹಾಗೇ ಕೂರುತ್ತಿದ್ದ. ತಮ್ಮ ಇಲ್ಲದ ಹೊತ್ತು ನೋಡಿ ಹೊಲಕ್ಕೆ ಹೋಗಬೇಕು, ತಮ್ಮ ಬರುವುದರೊಳಗೆ ಬಸ್ಸು ಹತ್ತಬೇಕು. ಇಂಥ ಬಾಳುವೆ ಪೀಟಿ ಮಾಸ್ತರನಿಗೆ ಒಗ್ಗುವಂಥದ್ದಲ್ಲ. ಇದು ಹೀಗೇ ಮುಂದುವರಿದರೆ ಒಂದು ದಿನ ಇಬ್ಬರಲ್ಲಿ ಒಬ್ಬರು ಇಲ್ಲವಾದ ಮೇಲೆ ಇನ್ನೊಬ್ಬರು ಅಳುತ್ತಾರೆ ಎಂದು ನನಗೆ ಹೆದರಿಕೆಯಾಗುತ್ತಿತ್ತು. ಅದನ್ನು ಅವ್ವನ ಎದುರು ಹೇಳಿಯೂ ಬಿಟ್ಟೆ.

"ಇಬ್ಬರದೂ ಒಂದ ಹಟಾ. ಒಂದ ಹೊಟ್ಯಾಗ ಹುಟ್ಟ್ಯಾರಲ್ಲ," ಎಂದಳು ಅವ್ವ.

ಮಳೆಗಾಲದಲ್ಲಿ ಒಂದು ದಿನ ಶಲವಡಿಗೆ ಹೋದಾಗ ಕಾಕಾ ತಾನಾಗಿ ಕೇಳಿದ, "ನಿಮ್ಮಪ್ಪ ಏನ ಮಾಡ್ತಾನ ಈಗ ಹೊತ್ತ ಹೋಗಾಕ?"

"ಲಡಾಯಿ ಮಾಡ್ತಾನ," ಎಂದೆ.

"ಅದು ಗೊತ್ತೈತಿ. ಮತ್ತೇನ ಮಾಡ್ತಾನ?"

ನಗು ತಡೆದುಕೊಂಡು ಆಟದ ಬಗ್ಗೆ ಹೇಳಿದೆ. ಕಾಕಾನ ಮನೆಯಲ್ಲಿ ಮಳೆ ಮಾಹಿತಿ, ಪೇಟೆ ಧಾರಣೆ ನೋಡಲು ಒಂದು ಲ್ಯಾಪ್‌ಟಾಪ್ ಇತ್ತು. ಅಲ್ಲೇ ಕೂತು ಆಟ ಹಾಕಿಕೊಟ್ಟೆ. ಈ ಆಟದಲ್ಲಿ ಒಂದೇ ಪಕ್ಷದ ಎರಡು ಸೈನ್ಯಗಳನ್ನು ಇಬ್ಬರು ಹಂಚಿಕೊಂಡು ಆಡಬಹುದು, ವೈರಿಯ ಪಾಳಿಯನ್ನು ಕಂಪ್ಯೂಟರೇ ಆಡುತ್ತದೆ. ನಾನು ಬೇಕೆಂದೇ ವಾಟರ್ಲೂ ಆರಿಸಿದೆ. ಅಲ್ಲಿ ಬ್ರಿಟಿಷ್ ಸೈನ್ಯ ಒಂದು ದಿಬ್ಬ ಹಿಡಿದು ಫ್ರೆಂಚರನ್ನು ಸಂಜೆಯ ತನಕ ತಡೆಯಬೇಕು. ಪೂರ್ವದಿಂದ ಅವರ ಮಿತ್ರರಾದ ಪ್ರಷ್ಯದ ಸೈನ್ಯ, ಹಿಂದಿನ ರಾತ್ರಿಯ ಮಳೆಗೆ ಕೆಸರಾದ ನೆಲದಲ್ಲಿ ನಡೆದು ಬಂದು, ಹೊತ್ತಿಗೆ ಸರಿಯಾಗಿ ಕೂಡಿಕೊಳ್ಳಬೇಕು. ಕೂಡಿದರೆ ಗೆಲುವು, ಇಲ್ಲದಿದ್ದರೆ ದಿಬ್ಬದ ಮೇಲಿದ್ದವರು ಹೋದರು. ಅಪ್ಪನಿಗೆ ದಿಬ್ಬ, ಕಾಕಾನಿಗೆ ಪ್ರಷ್ಯದ ಸೈನ್ಯ ಎಂದು ನಾನೇ ಹಂಚಿದೆ.

ಕಾಕಾ ಕೆಸರಿನ ನಿಯಮವನ್ನು ಒಂದೇ ಸಲಕ್ಕೆ ಹಿಡಿದ. ಎರೆಮಣ್ಣಿನಲ್ಲಿ ಹುಟ್ಟಿದವನಿಗೆ ಮಳೆ ಬಿದ್ದ ನೆಲದಲ್ಲಿ ಗಾಲಿ ಹೇಗೆ ಹೂಳುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕುದುರೆ ದಂಡಿನ ಚಿತ್ರದ ಮೇಲೆ ಮಾತ್ರ ಬಾಣದ ಗುರುತನ್ನು ಆಡಿಸುತ್ತ ಏನನ್ನೋ ಹುಡುಕಿದ.

"ಕುದ್ರಿಗೆ ಕುಕ್ಕಿ ಹಾಕೂದ ಎಲ್ಲೈತಿ ಇದರಾಗ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರಿಗೆ ವಾಪಸು ಬರುವಷ್ಟರಲ್ಲಿ ಅದನ್ನು ಮರೆತೂಬಿಟ್ಟೆ.

ಅಪ್ಪನನ್ನು ಒಪ್ಪಿಸುವುದು ಅಷ್ಟು ಸರಳ ಇರಲಿಲ್ಲ. "ಅಂವನ ಜೋಡಿ ನಾ ಆಡಂಗಿಲ್ಲ," ಎಂದ. ನಾನು, ಕಾಕಾ ನಿನ್ನ ಎದುರು ಅಲ್ಲ, ನಿನ್ನ ಕಡೆ ಇದ್ದಾನೆ, ಮಾತಾಡುವ ಪ್ರಸಂಗವೇ ಬರುವುದಿಲ್ಲ ಎಂದು ಸಮಜಾಯಿಷಿ ಕೊಟ್ಟೆ. ಎರಡು ದಿನ ಬಿಟ್ಟು ಅಪ್ಪ ತಾನೇ ಕಂಪ್ಯೂಟರಿನ ಮುಂದೆ ಕೂತು, "ಬರೇ ಆಟ. ಹೇಳಿಬಿಡ ಅವಗ," ಎಂದ.

ಹೀಗೆ ಯುದ್ಧ ಸುರುವಾಯಿತು. ಅಪ್ಪ ಪಾಳಿ ಆಡಿ ಒಂದು ಗುಂಡಿ ಒತ್ತಿದರೆ ಅದು ನೆಟ್ಟಿನ ಮೇಲೆ ಶಲವಡಿಗೆ ಹೋಗುತ್ತಿತ್ತು, ಕಾಕಾ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ತನ್ನ ಪಾಳಿ ಆಡಿ ಕಳಿಸುತ್ತಿದ್ದ, ಆಮೇಲೆ ಫ್ರೆಂಚರದು. ಕಳಿಸುವಾಗ ಕೆಳಗೆ ಒಂದು ಚಿಕ್ಕ ಖಾನೆ ಇರುತ್ತದೆ, ಜೊತೆಗಾರನಿಗೆ ಏನಾದರೂ ಹೇಳುವುದಿದ್ದರೆ ಅಲ್ಲಿ ಬರೆಯಬಹುದು. ಆ ಖಾನೆಯ ಮೇಲೆಯೇ ನಾನು ಆಸೆ ಇಟ್ಟುಕೊಂಡಿದ್ದೆ. ಇಬ್ಬರೂ ಅದನ್ನು ಮುಟ್ಟಲಿಲ್ಲ. ಇನ್ನೊಂದು ಸಂಗತಿ ಏನೆಂದರೆ, ಆಟ ನಡೆದಿರುವಾಗ ತನ್ನ ಸೈನ್ಯದ ಕಣ್ಣಿಗೆ ಬೀಳುವಷ್ಟು ಜಾಗ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಮಂಜು. ತಮ್ಮ ಎಲ್ಲಿದ್ದಾನೆ ಎಂಬುದು ಅಪ್ಪನಿಗೆ ಕಾಣುತ್ತಿರಲಿಲ್ಲ. ಎರಡು ಪರದೆಗಳ ನಡುವೆ ಸುದ್ದಿ ಮುಟ್ಟಿಸುವವಳು ನಾನೊಬ್ಬಳೇ.

"ಕೇಳ ಅವಗ, ಹೊಂಟಾನೋ ಇಲ್ಲೋ ಅಂತ."

ನಾನು ಫೋನು ಹಚ್ಚುತ್ತಿದ್ದೆ. "ಕಾಕಾ, ಹೊಂಟೀದಿ?"

"ಹೊಂಟೇನಿ ಅಂತ ಹೇಳ."

"ಹೊಂಟಾನಂತ," ಎಂದು ನಾನು ಹೇಳುವುದರೊಳಗೆ ಅಪ್ಪ, ತನಗೆ ಕೇಳಿಸಲೇ ಇಲ್ಲವೆಂಬಂತೆ ಕಿಟಕಿಯ ಕಡೆ ಮುಖ ತಿರುಗಿಸಿರುತ್ತಿದ್ದ.

ದಿಬ್ಬದ ಮೇಲೆ ಅಪ್ಪ ನಿಂತ ರೀತಿಗೆ ನಾನು ತಲೆಬಾಗುತ್ತೇನೆ. ಲೈನು ಮುರಿಯಲಿಲ್ಲ. ಒಂದು ಕಡೆ ತೂತು ಬಿದ್ದರೆ ಇನ್ನೊಂದು ಕಡೆಯಿಂದ ತಂದು ತುಂಬಿದ. ಕುದುರೆಗಳನ್ನು ಎದುರಿನ ಪೈರಿನೊಳಗೆ ಮತ್ತೆ ಮತ್ತೆ ನುಗ್ಗಿಸಿ ಫ್ರೆಂಚರನ್ನು ಹಿಂದಕ್ಕೆ ತಳ್ಳಿದ. ಪ್ರತಿ ಪಾಳಿಗೂ ಪೂರ್ವದ ಮಂಜಿನತ್ತ ನೋಡುತ್ತಿದ್ದ, ಈಗ ಬಂದಾನು, ಈಗ ಬಂದಾನು ಎಂದು. ಬಾಯಲ್ಲಿ ಮಾತ್ರ, "ಅಂವನ ನಂಬಿ ನಾ ಕುಂತಿಲ್ಲ," ಎನ್ನುತ್ತಿದ್ದ. ಅವ್ವ ಕೂಡ ಒಲೆ ಸಣ್ಣ ಮಾಡಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಂದ್ರೇನ ಮೈದುನಾರು?" ಎಂದು ಕೇಳತೊಡಗಿದ್ದಳು.

ಮೈದುನ ಬರಲಿಲ್ಲ. ಫ್ರೆಂಚರ ಕೊನೆಯ ದಂಡು ದಿಬ್ಬ ಹತ್ತಿತು, ಅಪ್ಪನ ಲೈನು ಹರಿಯಿತು. ಪರದೆಯ ಮೇಲೆ ಸೋಲಿನ ಪತಾಕೆ ಬಂತು. ಅಪ್ಪ ಕನ್ನಡಕ ತೆಗೆದು ಮಡಚಿಟ್ಟ.

"ಬೇಕಂತನ ಬರಲಿಲ್ಲ ಅಂವ. ಕಡ್ಲಿಗೆ ಹೆಂಗ ಮಾಡಿದ್ನೋ ಹಂಗ ಇದಕ್ಕೂ ಮಾಡಿದ."

ಒಂದು ಮುನಿಸು ಕಳೆಯಲೆಂದು ಹೋಗಿ ಎರಡು ಮಾಡಿಟ್ಟೆನಲ್ಲ ಎಂದು ಅಳು ಬಂತು. ಆಟ ಮುಗಿದ ಮೇಲೆ ಇಡೀ ಯುದ್ಧವನ್ನು ಮಂಜಿಲ್ಲದೆ ಮೊದಲಿನಿಂದ ನೋಡಬಹುದು, ಎರಡೂ ಕಡೆಯ ನಡೆಗಳು ಸಿನಿಮಾದಂತೆ ಓಡುತ್ತವೆ. ನೋಡೋಣ ಬಾ ಎಂದೆ. ಅಪ್ಪ ನೋಡುವುದಿಲ್ಲ ಎಂದ. ಆಗ ಅವ್ವ ಬಾಗಿಲಲ್ಲಿ ನಿಂತು ಅಗದಿ ಸಮಾಧಾನದಿಂದ ಒಂದು ಮಾತು ಹೇಳಿದಳು.

"ಪೂರಾ ನೋಡದ ಮಾತಾಡೂದು ನಿಮಗೇನ ಹೊಸಾದಲ್ಲ ಬಿಡ್ರಿ. ಅವತ್ತೂ ಗಾಲಿ ಗುರ್ತ ನೋಡಿ ಬಂದ್ರಿ. ಗಾಡಿ ಹೊಡಿಯೂದ ನೋಡಿದ್ರೇನ?"

ಅಪ್ಪ ಅವ್ವನನ್ನೇ ನೋಡಿದ. ಆಮೇಲೆ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡ.

ನಕಾಶೆ ಪೂರ್ತಿ ತೆರೆದುಕೊಂಡಿತು. ಪೂರ್ವದ ಅಂಚಿನಲ್ಲಿ ಕಾಕಾನ ಸೈನ್ಯ ಮೊದಲ ಪಾಳಿಗೇ ಹೊರಟಿತ್ತು. ಒಂದು ಪಾಳಿಯೂ ಅದು ಸುಮ್ಮನೆ ಕೂತಿರಲಿಲ್ಲ. ಎದುರಿಗೆ ವೈರಿಗಳೂ ಇರಲಿಲ್ಲ. ದಿಬ್ಬದ ತನಕ ನೆಟ್ಟಗಿನ ದಾರಿ ತೆರೆದಿತ್ತು, ನಡುವೆ ಇದ್ದದ್ದು ಹಳದಿ ಹೊಲಗಳಷ್ಟೇ. ಕಾಕಾನ ಸೈನ್ಯ ಮೊದಲ ಹೊಲದ ಅಂಚಿಗೆ ಬಂದು ನಿಂತಿತು. ಆಮೇಲೆ ತಿರುಗಿತು. ಹೊಲದ ಮೂಲೆಯ ತನಕ ಹೋಗಿ ಮತ್ತೆ ತಿರುಗಿತು. ಮುಂದಿನ ಹೊಲಕ್ಕೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಎರಡು ಹೊಲಗಳ ನಡುವೆ ಒಂದೇ ಮನೆಯಷ್ಟು ಅಗಲದ ಕೆಸರಿನ ಹಾದಿ ಇದ್ದಲ್ಲಿ ಇಡೀ ಸೈನ್ಯ ಒಬ್ಬರ ಹಿಂದೊಬ್ಬರಂತೆ ಸಾಲುಗಟ್ಟಿತು. ಮುಂದಿನ ತೋಪು ಹೂತುಕೊಂಡರೆ ಹಿಂದಿನವರೆಲ್ಲ ಕಾದು ನಿಂತರು. ಎಡಕ್ಕೂ ಬಲಕ್ಕೂ ಹಳದಿ ಪೈರು, ಒಬ್ಬ ಸಿಪಾಯಿಯೂ ಅದರೊಳಗೆ ಕಾಲಿಡಲಿಲ್ಲ. ಕುದುರೆಗಳನ್ನಂತೂ ಕಾಕಾ ಎಲ್ಲರಿಗಿಂತ ಹಿಂದೆ, ಪೈರಿಗೆ ಎಟುಕದಷ್ಟು ದೂರದಲ್ಲಿ ತರುತ್ತಿದ್ದ.

"ಬದು ಹಿಡದ ಬರಾಕತ್ತಾನ," ಎಂದ ಅಪ್ಪ. ದನಿ ಬಹಳ ಸಣ್ಣದಾಗಿತ್ತು.

ಕುಕ್ಕೆಯ ಮಾತು ನೆನಪಾಗಿ ನಾನು ಹೇಳಿದೆ. ಕಾಕಾ ಕುದುರೆಗೆ ಕುಕ್ಕೆ ಹಾಕುವುದು ಎಲ್ಲಿದೆ ಎಂದು ಕೇಳಿದ್ದ, ನಾನು ನಕ್ಕಿದ್ದೆ ಎಂದು. ಅಪ್ಪ ನಗಲಿಲ್ಲ. ಸಿನಿಮಾ ಕೊನೆಗೆ ಬಂದು ನಿಂತಿತು. ಪರದೆಯ ಮೇಲೆ ಇಡೀ ನಕಾಶೆ ಹಾಗೇ ಉಳಿಯಿತು. ಪಶ್ಚಿಮಕ್ಕೆ, ಅಪ್ಪನ ದಿಬ್ಬದ ಸುತ್ತ, ಒಂದು ಮನೆ ಬಿಡದೆ ಎಲ್ಲ ಕಂದು. ಪೂರ್ವಕ್ಕೆ ಕಾಕಾ ಹಾದುಬಂದ ಕಡೆ ಎಲ್ಲ ಹಳದಿ, ಮೊದಲ ದಿನ ಹೇಗಿತ್ತೋ ಹಾಗೆ.

ಅಪ್ಪ ಅದನ್ನು ಎಷ್ಟು ಹೊತ್ತು ನೋಡಿದನೋ. ಅವ್ವ ಚಹಾ ತಂದಿಟ್ಟದ್ದು ತಣ್ಣಗಾಯಿತು.

"ನಾ ತುಳದೆ, ಅಂವ ತುಳೀಲಿಲ್ಲ," ಎಂದ ಕೊನೆಗೆ. "ಚಿತ್ರದಾಗಿಂದು ತುಳೀಲಿಲ್ಲ ಅಂವ. ನನ್ನ ಕಡ್ಲಿ ಹೆಂಗ ತುಳಸ್ಯಾನ?"

ಅವ್ವ, "ನಾ ಅವತ್ತ ಹೇಳಿದ್ದೆ," ಎಂದಳು. ಹೇಳಿದ್ದಳು, ನಿಜ. ನಮ್ಮ ಮನೆಯಲ್ಲಿ ಅವ್ವ ಮೊದಲೇ ಹೇಳಿರದ ಸಂಗತಿ ಯಾವುದೂ ಇಲ್ಲ.

ಭಾನುವಾರ ಮುಂಜಾನೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಅವ್ವ ನನ್ನ ಕೈಗೆ ಬುತ್ತಿಗಂಟು ಕೊಟ್ಟಳು. ಇಬ್ಬರಿಗೆ ಹೆಚ್ಚಾಗುವಷ್ಟು ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನೂ ಅಪ್ಪನೂ ಶಲವಡಿಯ ಬಸ್ಸು ಹತ್ತಿದೆವು. ಮಳೆಗಾಲ ಮುಗಿದು ಹೊಸ ಕಡಲೆ ಮೊಳೆತ ದಿನಗಳು ಅವು. ಎರೆನೆಲದ ಮೇಲೆ ಸಾಲುಸಾಲಾಗಿ ಹಸಿರು ಗೇಣುದ್ದ ಎದ್ದಿತ್ತು. ರಸ್ತೆಯಲ್ಲಿ ಇಳಿದಾಗ ಅಪ್ಪನ ಹೊಲದಾಚೆ ಕಾಕಾ ಬಗ್ಗಿ ಕಳೆ ಕೀಳುತ್ತಿದ್ದದ್ದು ಕಂಡಿತು. ಅಪ್ಪನ ಹೊಲದ ನಡುವೆ ಹಾದರೆ ಎರಡು ನಿಮಿಷದ ದಾರಿ, ಅದೂ ಅವನದೇ ಹೊಲ. ಅಪ್ಪ ಆ ಕಡೆ ನೋಡಲೂ ಇಲ್ಲ. ಬದು ಹತ್ತಿ ಸುತ್ತು ಹಾಕತೊಡಗಿದ. ನಾನು ಬುತ್ತಿ ಹೊತ್ತುಕೊಂಡು, ಹೊಸ ಚಪ್ಪಲಿ ಹಾಕಿಕೊಂಡು ಬಂದದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತ ಹಿಂದೆ ನಡೆದೆ.

ಕಾಕಾ ನಮ್ಮನ್ನು ದೂರದಿಂದಲೇ ನೋಡಿದ. ನೆಟ್ಟಗೆ ನಿಂತು, ನಾವು ಒಂದೊಂದೇ ಮೂಲೆ ತಿರುಗಿ ಬರುವುದನ್ನು ನೋಡುತ್ತಲೇ ಇದ್ದ. ಅಪ್ಪ ಅವನೆದುರು ಹೋಗಿ ನಿಂತ. ಇಬ್ಬರಿಗೂ ಕೈ ಎಲ್ಲಿಡಬೇಕು ತಿಳಿಯಲಿಲ್ಲ.

"ದಿಬ್ಬದ ಮ್ಯಾಲೆ ನಿಂತ ನಿಂತ ಸತ್ತೆನಲ್ಲಲೇ. ಎಲ್ಲಿದ್ದಿ ನೀ?"

"ಹಾದ್ಯಾಗ ಇದ್ದೆ."

"ಸೀದಾ ಗೋಧ್ಯಾಗ ಹಾದ ಬರಬೇಕಿಲ್ಲೋ?"

"ಹಣ್ಣಾದ ಗೋಧಿ ಅಣ್ಣಾ," ಎಂದ ಕಾಕಾ. "ಮರುದಿನಾ ಕೊಯ್ಯಾವ್ರಿದ್ರ ಪಾಪ ಅವ್ರು?"

ಆ ಹೊಲಗಳಿಗೆ ಯಜಮಾನರೂ ಇರುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆಟ ಮಾಡಿದವರೂ ಯೋಚಿಸಿರಲಿಕ್ಕಿಲ್ಲ. ಅಪ್ಪ ಮೊಳೆತ ಕಡಲೆಯನ್ನು ನೋಡುತ್ತ ನಿಂತಿದ್ದ.

"ನೀ ಮಶೀನ ಹೊಗಸಿಲ್ಲ ನನ್ನ ಹೊಲ್ದಾಗ."

"ಇಲ್ಲ."

"ನೀ ಹೇಳಿದ್ದಿ. ನಾ ನಾಕ ಮಂದ್ಯಾಗ ನಿನಗ ಸುಳ್ಳ ಹೇಳಬ್ಯಾಡ ಅಂದೆ."

"ಅಂದಿ," ಎಂದ ಕಾಕಾ. "ಕಡ್ಲಿಗೆ ಅಲ್ಲಣ್ಣಾ. ಅದೊಂದ ಮಾತಿಗೆ ನನಗ..."

ಅಪ್ಪ ಕೈ ಮುಂದೆ ಮಾಡಿ ತಮ್ಮನ ಹೆಗಲ ಮೇಲಿನ ಟವೆಲ್ಲನ್ನು ಸುಮ್ಮಸುಮ್ಮನೆ ಸರಿಮಾಡಿದ, ಸೊಟ್ಟಗಿದ್ದ ಲೈನನ್ನು ಸರಿ ಮಾಡಿದ ಹಾಗೆ. "ತಪ್ಪಾತು ನಂದು," ಎಂದ. ನಾನು ಬದುವಿನ ಮೇಲೆ ಕೂತು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

"ಇದ್ಯಾಕ ಅಳಾಕತ್ತೈತಿ?" ಎಂದ ಕಾಕಾ, ತನ್ನ ಕಣ್ಣು ಒರೆಸಿಕೊಳ್ಳುತ್ತ. "ಬುತ್ತಿ ಬಿಚ್ಚ ಮೊದಲ. ಉಣ್ಣೂಣು."

ಉಂಡೆವು. ರೊಟ್ಟಿ ಮುರಿಯುತ್ತ ಅಪ್ಪ ಕುಕ್ಕೆಯಿಲ್ಲದ ಬಂಡಿಯ ಕಥೆ ಎತ್ತಿದ, ಉಳಿದರ್ಧವನ್ನು ಕಾಕಾ ಹೇಳಿದ. ಮೊದಲ ಪೆಟ್ಟು ಯಾರಿಗೆ ಬಿದ್ದದ್ದು ಎಂಬ ಬಗ್ಗೆ ಜಗಳವೂ ಆಯಿತು. ಆ ಜಗಳ ಕೇಳುತ್ತ ಕೂರಲು ಬಹಳ ಹಿತವಾಗಿತ್ತು.

ಈಗ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ, ನನ್ನ ಕೆಲಸ ಹೋಯಿತು. ಆಟ ನಿಂತಿಲ್ಲ. ಅದೇ ವಾಟರ್ಲೂ, ಅದೇ ದಿಬ್ಬ, ಅದೇ ಕೆಸರು. ಇವತ್ತಿನ ತನಕ ಒಮ್ಮೆಯೂ ಗೆದ್ದಿಲ್ಲ, ಆ ಫ್ರೆಂಚರು ನಮ್ಮ ಮನೆತನದ ಮೇಲೆ ಗೆಲ್ಲುತ್ತಲೇ ಇದ್ದಾರೆ. ಅಪ್ಪನೂ ಈಗ ಪೈರಿಗೆ ಕಾಲಿಡುವುದಿಲ್ಲವಾದ್ದರಿಂದ ಸೋಲು ಇನ್ನಷ್ಟು ಬೇಗ ಬರುತ್ತದೆ. ಅವ್ವನಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಗೆಲ್ಲದ ಆಟಕ್ಕೆ ಇಷ್ಟೊಂದು ಕರೆಂಟು ಯಾಕೆ ಎನ್ನುತ್ತಾಳೆ.

ಆ ಭಾನುವಾರ ಹೊಲದಿಂದ ಬಂದ ಸಂಜೆ ಅಪ್ಪ ಕೈಕಾಲು ತೊಳೆದು ಸೀದಾ ಕಂಪ್ಯೂಟರಿನ ಮುಂದೆ ಕೂತಿದ್ದ. ಹೊಸ ಯುದ್ಧ ತೆಗೆದ. ದಿಬ್ಬದ ಮೇಲೆ ಲೈನು ಕಟ್ಟಿ ಮೊದಲ ಪಾಳಿ ಮುಗಿಸಿದ. ಕಳಿಸುವ ಗುಂಡಿ ಒತ್ತುವ ಮೊದಲು, ಅಲ್ಲಿಯ ತನಕ ಯಾರೂ ಮುಟ್ಟಿರದ ಆ ಚಿಕ್ಕ ಖಾನೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೊಡೆಯತೊಡಗಿದ. ಸಹಾಯ ಮಾಡಲು ಹೋದರೆ ಸರಿ ಬಾಜೂಕ ಎಂದ. ನಾನು ಅವನ ಬೆನ್ನ ಹಿಂದೆ ನಿಂತು ಓದಿದೆ.

"ಪೀಕ ಬಿಟ್ಟ ಸುತ್ತ ಹಾಕಿ ಬಾ. ನೀ ಬರೂತನಕ ನಾ ತಡೀತೇನಿ."